ಕೊನೆಯ ಹನಿಯೂ ನಮ್ಮದು

ಫೆಬ್ರವರಿ 9

ಮಗಳಿಗೆ,

ಫೋನು ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಹೇಗೆ ಮುಗಿಯುತ್ತದೆ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಯಾರಾದರೊಬ್ಬರು ಟಪ್ಪೆಂದು ಇಟ್ಟುಬಿಡುತ್ತೇವೆ, ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಕಾಗದದಲ್ಲಿ ಒಂದು ಅನುಕೂಲ ಇದೆ. ನಾನು ಮಾತಾಡುವಾಗ ನೀನು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯಕ್ಕೆ ಬರುತ್ತೇನೆ. ಎಣ್ಣೆ ಕಂಪನಿಯಿಂದ ಆದೇಶ ಬಂದಿದೆ. ಹಳೆಯ ಬಂಕುಗಳೆಲ್ಲ ನೆಲದೊಳಗಿನ ಟ್ಯಾಂಕುಗಳ ಸುತ್ತ ಮಣ್ಣು ಕೊರೆಸಿ ಪರೀಕ್ಷೆ ಮಾಡಿಸಬೇಕಂತೆ. ಮಣ್ಣಿನಲ್ಲಿ ಪೆಟ್ರೋಲೋ ಡೀಸೆಲ್ಲೋ ಸಿಕ್ಕರೆ ಪಂಪಿಗೆ ಹಗ್ಗ ಕಟ್ಟುತ್ತಾರೆ, ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ನನ್ನ ಮಗಳೂ ಇದೇ ಪರೀಕ್ಷೆ ಮಾಡುವವಳು ಎಂದು ಎದುರಿನ ಪಂಕ್ಚರ್ ಅಂಗಡಿಯವನಿಗೆ ಹೇಳಿದೆ. “ಬಂಕ್ ಯಜಮಾನ್ರ ಮಗಳೇ ಬಂಕುಗಳ ಬುಡ ಅಗೀತಾಳಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ, ಅವನು ದಿನಾ ಎದುರಿಗೇ ಕೂತಿರುತ್ತಾನೆ.

ನನಗೆ ಹೆದರಿಕೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಟ್ಯಾಂಕಿಗೆ ಅಳತೆ ಕೋಲು ಇಳಿಸುವವನು ನಾನೇ. ಇವತ್ತಿಗೂ ಆ ಕೋಲನ್ನು ಬೇರೆಯವರ ಕೈಗೆ ಕೊಟ್ಟಿಲ್ಲ. ಬಂಕು ಮುಚ್ಚುವಾಗ ಎಷ್ಟಿತ್ತೋ ತೆರೆಯುವಾಗಲೂ ಅಷ್ಟೇ ಇರುತ್ತದೆ. ಟ್ಯಾಂಕು ಸೋರಿದರೆ ಕೋಲು ಹೇಳದೆ ಬಿಡುತ್ತದೆಯೇ? ಇನ್ನು ಟ್ಯಾಂಕರ್ ಬಂದಾಗ ನಾನು ಎಣ್ಣೆ ಇಳಿಸಿಕೊಳ್ಳುವ ಚೆಂದ ನಿನಗೆ ನೆನಪಿರಬೇಕು. ಬೇರೆ ಬಂಕಿನವರು ಪೈಪು ಬಿಚ್ಚಿ ಎಸೆದುಬಿಡುತ್ತಾರೆ. ನಾನು ಅದನ್ನು ಹೆಗಲ ಮೇಲೆ ಹೊತ್ತು, ಆ ತುದಿಯಿಂದ ಈ ತುದಿಯವರೆಗೆ ನಡೆದು, ಒಳಗೆ ಉಳಿದದ್ದನ್ನೆಲ್ಲ ಬಗ್ಗಿಸಿಕೊಳ್ಳುತ್ತೇನೆ. “ಯಜಮಾನ್ರೇ, ಹಿಂಡಿ ಒಣಗಾಕ್ತೀರಾ ಪೈಪನ್ನ?” ಎಂದು ಡ್ರೈವರುಗಳ ಗೇಲಿ. ಮಾಡಲಿ. ಕೊನೆಯ ಹನಿಯೂ ನಮ್ಮದು. ಬಗ್ಗಿಸುವಾಗ ಆಚೆ ಈಚೆ ಚೆಲ್ಲಿದ್ದೂ ಹಾಳಾಗುವುದಿಲ್ಲ, ಟ್ಯಾಂಕಿನ ಬಾಯಿಯ ಸುತ್ತ ಇರುವ ಸಿಮೆಂಟ್ ಗುಂಡಿಯಲ್ಲಿ ನಿಲ್ಲುತ್ತದೆ. ಮರುದಿನ ಮುಚ್ಚಳ ಎತ್ತಿ ನೋಡಿದರೆ ಗುಂಡಿ ಒಣಗಿ ಸ್ವಚ್ಛ. ಬಾಯಿಯ ಸಂದಿಯಲ್ಲಿ ತಾನಾಗಿಯೇ ಒಳಗೆ ಇಳಿದಿರುತ್ತದೆ. ಅಷ್ಟು ಅಚ್ಚುಕಟ್ಟು.

ಈಗ ಕೇಳುವುದು ಇಷ್ಟೇ. ನಿಮ್ಮ ಲ್ಯಾಬಿನಿಂದ ಪರೀಕ್ಷೆಗೆ ನೀನೇ ಬಾ. ಯಾರೋ ಗುರುತಿಲ್ಲದವನು ಬಂದು ನನ್ನ ನೆಲಕ್ಕೆ ತೂತು ಹೊಡೆಯುವುದಕ್ಕಿಂತ ನೀನು ಹೊಡೆ. ಉಳಿದುಕೊಳ್ಳಲು ಮನೆಯಂತೂ ಇದೆಯಲ್ಲ.

ನಮ್ಮಕ್ಕ, ನಿನ್ನ ಮುದ್ದಿನ ಅತ್ತೆ, ನಿನಗೆ ಸ್ವೆಟರ್ ಹೆಣೆದಿದ್ದಾಳೆ. ಬಾವಿಕಟ್ಟೆಯ ಮೇಲೆ ಎರಡೆರಡು ಸಲ ಒಗೆದು, ಹಿತ್ತಲಲ್ಲಿ ಒಣಹಾಕಿ ಪಾರ್ಸೆಲ್ ಕಟ್ಟಿಕೊಟ್ಟಳು. ಅವಳ ಮಂಡಿ ನೋವು ಜಾಸ್ತಿಯಾಗಿದೆ. ಆಗದೆ ಏನು? ಹಿತ್ತಲಲ್ಲೇ ಬಾವಿ ಇಟ್ಟುಕೊಂಡು ದಿನಾ ಬೆಳಿಗ್ಗೆ ಕೊಡ ಹಿಡಿದು ಬೀದಿ ನಲ್ಲಿಗೆ ಹೋಗುತ್ತಾಳೆ. ಕೇಳಿದರೆ, “ನಾಲ್ಕು ಜನರ ಮುಖ ನೋಡ್ಬೇಡ್ವೇನೋ?” ಅನ್ನುತ್ತಾಳೆ. ಹರಟೆಯ ಹುಚ್ಚಿಗೆ ಕೊಡ ಒಂದು ನೆಪ.

ಇಂತಿ,
ಬುಡ ಗಟ್ಟಿಯಾಗಿರುವ ನಿನ್ನ ಅಪ್ಪ


ಫೆಬ್ರವರಿ 23

ಅಪ್ಪಾ,

ಪಾರ್ಸೆಲ್ ಬಂತು. ಬಿಚ್ಚಿದ ಕೂಡಲೇ ರೂಮಿನ ತುಂಬ ಮನೆಯ ವಾಸನೆ. ನೀವು ಸಂಜೆ ಬಂಕಿನಿಂದ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದಾಗ ಬರುತ್ತಿತ್ತಲ್ಲ, ಅದೇ. ಸ್ಕೂಲಿನಲ್ಲಿ ಎಲ್ಲರೂ ನನ್ನನ್ನು ‘ಸೀಮೆಎಣ್ಣೆ’ ಎಂದು ಕರೆಯುತ್ತಿದ್ದದ್ದು ನೆನಪಾಯಿತು. ಆಗ ಅಳು ಬರುತ್ತಿತ್ತು. ಈಗ ಸ್ವೆಟರನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೇನೆ. ಒಗೆದರೆ ಹೋಗಿಬಿಡುತ್ತದಲ್ಲ ಎಂದು ಇನ್ನೂ ನೀರಿಗೆ ಹಾಕಿಲ್ಲ. ಅತ್ತೆಗೆ ಹೇಳಿ, ತೋಳು ಸ್ವಲ್ಪ ಉದ್ದ, ಆದರೆ ನಾನು ಮಡಚಿಕೊಳ್ಳುತ್ತೇನೆ.

ಪರೀಕ್ಷೆಗೆ ನಾನು ಬರುವ ಹಾಗಿಲ್ಲ. ಸ್ವಂತದವರ ನೆಲವನ್ನು ನಾವು ಮುಟ್ಟಬಾರದು ಎಂದು ನಿಯಮ ಇದೆ. ಬೇರೆ ಲ್ಯಾಬಿನವರು ಬರುತ್ತಾರೆ, ಬರಲಿ. ನೀವು ಮಾಡಬೇಕಾದದ್ದು ಒಂದೇ. ಎಲ್ಲಿ ಕೊರೆಯಬೇಕು ಎಂದು ಅವರು ನಿಮ್ಮನ್ನೇ ಕೇಳುತ್ತಾರೆ. ನೆಲದೊಳಗೆ ಪೈಪು, ವಯರು ಎಲ್ಲೆಲ್ಲಿ ಹಾದುಹೋಗಿವೆ ಎಂದು ಗೊತ್ತಿರುವುದು ಯಜಮಾನರಿಗೆ ಮಾತ್ರ. ಆದ್ದರಿಂದ ಯಜಮಾನರು ಬೆರಳು ತೋರಿಸಿದ ಕಡೆ ಯಂತ್ರ ಇಳಿಯುತ್ತದೆ. ಮೂರು ಟ್ಯಾಂಕುಗಳ ಸುತ್ತಲೂ ತೋರಿಸಿ. ಎಣ್ಣೆ ಇಳಿಸುವ ಬಾಯಿಗಳ ಪಕ್ಕವೂ ತೋರಿಸಿ. ಮುಖ್ಯವಾಗಿ ಹಿಂದಿನ ಡೀಸೆಲ್ ಬಾಯಿ. ನಮ್ಮ ಜಾಗ ಇಳಿಜಾರಾಗಿರುವುದು ಆ ಕಡೆಗೆ, ನಮ್ಮ ಮನೆಯ ಹಿತ್ತಲ ಗೋಡೆಯ ಕಡೆಗೆ.

ಮಂಡಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನೆಪ ಹೇಳಬೇಡಿ.

ನಿಮ್ಮ ಮಗಳು


ಮಾರ್ಚ್ 16

ಮಗಳಿಗೆ,

ಮುಗಿಯಿತು ನಿಮ್ಮವರ ಮಣ್ಣು ಪುರಾಣ.

ಇಬ್ಬರು ಬಂದಿದ್ದರು. ಒಬ್ಬ ಯಂತ್ರದವನು, ಒಬ್ಬಳು ಶೀಶೆಗಳ ಪೆಟ್ಟಿಗೆ ಹಿಡಿದ ಮೇಡಂ. ಆಕೆ ಬಂದ ಕೂಡಲೇ ಕೆಲಸದವರಿಗೆಲ್ಲ, “ಯಾರೂ ಪೆಟ್ರೋಲ್ ಕೈಯಲ್ಲಿ ನನ್ನ ಪೆಟ್ಟಿಗೆ ಮುಟ್ಟಬೇಡಿ” ಅಂದಳು. ಬಂಕಿಗೆ ಬಂದು ಪೆಟ್ರೋಲ್ ಕೈ ಬೇಡ ಅಂದರೆ! ನಾನು, “ಮೇಡಂ, ಮೀನಂಗಡಿಗೆ ಬಂದು ಮೂಗು ಮುಚ್ಕೊಂಡ ಹಾಗಾಯ್ತು” ಅಂದೆ. ನಗಲಿಲ್ಲ. ನಿಮ್ಮ ಕೆಲಸದಲ್ಲಿ ನಗು ಬಂದರೆ ಸಂಬಳ ಮುರಿದುಕೊಳ್ಳುತ್ತಾರೇನು?

ಕೊಳವೆಯಲ್ಲಿ ಮಣ್ಣು ಎಳೆದು ಗಾಜಿನ ಶೀಶೆಗೆ ಗಂಟಲವರೆಗೆ ತುಂಬಿ, ಗಾಳಿಗೆ ಜಾಗ ಬಿಡದ ಹಾಗೆ ಮುಚ್ಚಳ ಬಿಗಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟರು. ಗಾಳಿ ಇದ್ದರೆ ಎಣ್ಣೆ ಆವಿಯಾಗಿ ತಪ್ಪಿಸಿಕೊಳ್ಳುತ್ತದಂತೆ. ಇಷ್ಟು ಜೋಪಾನವಾಗಿ ನಾವು ನಿನ್ನನ್ನು ಸ್ಕೂಲಿಗೆ ಕಳಿಸಲಿಲ್ಲ.

ಟ್ಯಾಂಕುಗಳ ಸುತ್ತ ಎಲ್ಲ ಕಡೆ ತೋರಿಸಿದೆ. ಹಿಂದಿನ ಡೀಸೆಲ್ ಬಾಯಿಯ ಹತ್ತಿರ ಮಾತ್ರ ಆಗಲಿಲ್ಲ. ಅದೇ ಹೊತ್ತಿಗೆ ಟ್ಯಾಂಕರ್ ಬಂದು ಅಲ್ಲಿ ನಿಂತಿತ್ತು, ಇಳಿಸುವ ಕೆಲಸ ನಡೆದಿತ್ತು. ಮೇಡಂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಇನ್ನೊಂದು ಊರಿಗೆ ಹೋಗಬೇಕು ಅಂತ ಹೊರಟಳು. ಟ್ಯಾಂಕರ್ ಯಾವಾಗ ಬರುತ್ತದೆ ಎನ್ನುವುದು ನನ್ನ ಕೈಯಲ್ಲಿ ಇದೆಯೇ? ನೀನು ಹೀಗೇ ಕೇಳುತ್ತೀ ಅಂತ ಗೊತ್ತು, ಅದಕ್ಕೆ ಮೊದಲೇ ಉತ್ತರ ಬರೆದಿದ್ದೇನೆ.

ಅತ್ತೆ ಅಡುಗೆಮನೆಯ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. ಮೇಡಂ ಹೋದ ಮೇಲೆ, “ಗೋಡೆ ಕಡೆ ನೋಡ್ಲೇ ಇಲ್ವಲ್ಲೋ?” ಅಂದಳು. “ಗೋಡೆ ಕಡೆ ಏನಿದೆ ನೋಡೋಕೆ, ನೀನಾ?” ಅಂದೆ. ಒಳಗೆ ಹೋದಳು.

ಇಂತಿ,
ತೂತು ಬಿದ್ದ ನೆಲದ ಯಜಮಾನ


ಮಾರ್ಚ್ 30

ಮಗಳಿಗೆ,

ಎಲ್ಲ ಸ್ವಚ್ಛ! ರಿಪೋರ್ಟ್ ಬಂತು. ಒಂದು ಶೀಶೆಯಲ್ಲೂ ಒಂದು ಹನಿ ಇಲ್ಲ. ಬಂಕಿಗೆ ಬಂದವರಿಗೆಲ್ಲ ಸಿಹಿ ಹಂಚಿದೆ. ಪಂಕ್ಚರ್ ಅಂಗಡಿಯವನಿಗೆ ಎರಡು ಕೊಟ್ಟೆ, ನಕ್ಕಿದ್ದಕ್ಕೆ.

ಅತ್ತೆ ಒಂದನ್ನೂ ತಿನ್ನಲಿಲ್ಲ. ವಯಸ್ಸಾಯಿತು, ನಾಲಿಗೆ ಕೆಟ್ಟಿದೆ.

ನಿನ್ನ ಅಪ್ಪ


ಏಪ್ರಿಲ್ 11

ಅಪ್ಪಾ,

ಈ ಕಾಗದವನ್ನು ಬಂಕಿನಲ್ಲಿ ನಿಂತು ಓದಬೇಡಿ. ಮನೆಗೆ ಹೋಗಿ ಕೂತು ಓದಿ.

ನಮ್ಮ ಲ್ಯಾಬಿನಲ್ಲಿ ದಿನಾ ಒಂದು ಖಾಲಿ ಶೀಶೆಯನ್ನೂ ಪರೀಕ್ಷೆ ಮಾಡುತ್ತೇವೆ. ಅದರಲ್ಲಿ ಶುದ್ಧ ಮರಳು ಬಿಟ್ಟು ಏನೂ ಇರುವುದಿಲ್ಲ. ಅದರಲ್ಲಿ ಏನಾದರೂ ಕಂಡರೆ ಕೊಳೆ ನಮ್ಮ ಕೋಣೆಯಿಂದಲೇ ಬಂದಿದೆ ಎಂದು ಅರ್ಥ. ಹೋದ ವಾರ ಆ ಶೀಶೆಯಲ್ಲಿ ಡೀಸೆಲ್ ಕಂಡಿತು. ನಮ್ಮ ಹಿರಿಯ ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಯಾರ್ರೀ ಬೆಳಿಗ್ಗೆ ಗಾಡಿಗೆ ಎಣ್ಣೆ ಹಾಕಿಸ್ಕೊಂಡು ಬಂದಿದ್ದು?” ಎಂದು ರೇಗಿದರು. ಯಾರೂ ಇಲ್ಲ. ನಾನಂತೂ ಬಸ್ಸಿನಲ್ಲಿ ಬರುವವಳು. ಆಮೇಲೆ ಅವರು ನನ್ನ ಹತ್ತಿರ ಬಂದು ತೋಳಿನ ಬಳಿ ಮೂಸಿ ನೋಡಿ, “ಇದನ್ನ ಹೊರಗೆ ಇಟ್ಟು ಬಾ” ಅಂದರು. ಲ್ಯಾಬಿನ ಎಸಿಗೆ ಚಳಿ ಎಂದು ಅತ್ತೆಯ ಸ್ವೆಟರ್ ಹಾಕಿಕೊಂಡು ಹೋಗಿದ್ದೆ.

ಹೊರಗೆ ಬೆಂಚಿನ ಮೇಲೆ ಅದನ್ನು ಇಡುವಾಗ ನನಗೆ ಹೊಳೆಯಿತು. ಅಪ್ಪಾ, ಇದು ನಿಮ್ಮ ಅಂಗಿಯಲ್ಲ. ಅತ್ತೆಯ ಸ್ವೆಟರ್. ಅತ್ತೆ ಬಂಕಿಗೆ ಕಾಲಿಡುವವಳಲ್ಲ. ಮನೆಯಲ್ಲಿ ಹೆಣೆದಳು, ಬಾವಿಯ ನೀರಿನಲ್ಲಿ ಒಗೆದಳು, ಹಿತ್ತಲಲ್ಲಿ ಒಣಹಾಕಿದಳು. ನೀವೇ ಬರೆದಿದ್ದೀರಿ. ನಾನು ಒಂದೂವರೆ ತಿಂಗಳು ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು, ಮನೆಯ ವಾಸನೆ ಎಂದುಕೊಂಡು ಮಲಗಿದೆ. ಬೇರೆ ಯಾರ ಮನೆಯಿಂದ ಬಂದಿದ್ದರೂ ಮೊದಲ ದಿನವೇ ಹಿಡಿಯುತ್ತಿದ್ದೆ. ಇದು ನನ್ನ ಕೆಲಸ.

ಅದರ ನೂಲು ಕತ್ತರಿಸಿ ಪರೀಕ್ಷೆ ಮಾಡಿದೆ. ಡೀಸೆಲ್. ಪೆಟ್ರೋಲ್ ಆಗಿದ್ದರೆ ಬಿಸಿಲಿಗೆ ಹಾರಿಹೋಗುತ್ತಿತ್ತು, ಡೀಸೆಲ್ ಹೋಗುವುದಿಲ್ಲ.

ನಿಮ್ಮ ಮೊದಲ ಕಾಗದವನ್ನು ಮತ್ತೆ ಓದಿದೆ. ಗುಂಡಿ ಮರುದಿನಕ್ಕೆ ಒಣಗಿರುತ್ತದೆ ಎಂದಿದ್ದೀರಿ. ಟ್ಯಾಂಕಿನ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ ಅಪ್ಪಾ, ಅದರ ಸಂದಿಯಲ್ಲಿ ಏನೂ ಇಳಿಯುವುದಿಲ್ಲ. ಚೆಲ್ಲಿದ್ದು ಗುಂಡಿಯಲ್ಲೇ ನಿಂತಿರಬೇಕು. ಒಣಗಿದೆ ಎಂದರೆ ಗುಂಡಿಯ ತಳ ಒಡೆದಿದೆ. ಟ್ಯಾಂಕು ಸೋರುತ್ತಿಲ್ಲ, ನಿಮ್ಮ ಕೋಲು ಸುಳ್ಳು ಹೇಳುತ್ತಿಲ್ಲ. ನೀವು ಪೈಪು ಬಗ್ಗಿಸಿದಾಗಲೆಲ್ಲ ಆ ಗುಂಡಿಯಿಂದ ಮಣ್ಣಿಗೆ, ಮಣ್ಣಿನಿಂದ ಬಾವಿಗೆ ಇಳಿಯುತ್ತಿದೆ.

ಗೋಡೆಯ ಪಕ್ಕ ಕೊರೆಸಿ. ಲ್ಯಾಬಿನವರನ್ನು ನೀವೇ ಕರೆದು ಜಾಗ ತೋರಿಸಿ. ಅಲ್ಲಿಯವರೆಗೆ ಅತ್ತೆಯಾಗಲಿ ನೀವಾಗಲಿ ಆ ನೀರು ಕುಡಿಯಬೇಡಿ.

ನಿಮ್ಮ ಮಗಳು


ಏಪ್ರಿಲ್ 17

ಮಗಳಿಗೆ,

ಒಂದು ಸ್ವೆಟರಿನ ನೂಲು ಹಿಡಿದು ನನ್ನನ್ನು ನೇಣು ಹಾಕಲು ಹೊರಟಿದ್ದೀಯ.

ರಿಪೋರ್ಟ್ ಬಂದಿದೆ. ಮೊಹರು ಬಿದ್ದಿದೆ. ಈಗ ನಾನೇ ಹೋಗಿ, “ಸ್ವಾಮೀ, ನೀವು ಬಿಟ್ಟುಬಿಟ್ಟಿರಿ, ಬಂದು ಇಲ್ಲಿ ತೂತು ಹೊಡೀರಿ, ನನ್ನ ಬಾಗಿಲು ಮುಚ್ಚಿಸಿ” ಅನ್ನಬೇಕೇ? ಬೇರೆಯವರ ಬಂಕಿನಲ್ಲಿ ಗಾಜು ಒರೆಸುತ್ತಿದ್ದವನು ನಾನು. ಈ ಒಂದು ತುಂಡು ನೆಲದ ಮೇಲೆ ನಿಂತಿದ್ದರಿಂದಲೇ ನೀನು ಶೀಶೆ ಹಿಡಿಯುವ ಓದು ಓದಿದೆ. ನನ್ನ ಅನ್ನಕ್ಕೆ ಮಣ್ಣು ಹಾಕುವಾಗ ಅದನ್ನಾದರೂ ನೆನಪಿಟ್ಟುಕೋ.

ಆ ಬಾವಿಯ ನೀರನ್ನು ದಿನಾ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಅತ್ತೆಯ ಕೈಯಿಂದ ದೊಡ್ಡ ಲೋಟದಲ್ಲಿ ಗಟಗಟ ಕುಡಿಯುತ್ತೇನೆ. ರುಚಿ ಎಂದರೆ ರುಚಿ. ವಾಸನೆ ಇಲ್ಲ, ಒಗರಿಲ್ಲ. ನನಗೆ ಏನಾಗಿದೆ? ಗುಂಡುಕಲ್ಲಿನ ಹಾಗೆ ಇದ್ದೇನೆ. ನನ್ನ ಮೂಗು ಪೆಟ್ರೋಲಿನಲ್ಲಿ ಸತ್ತಿದೆ ಎಂದು ನೀನು ಹೇಳುತ್ತೀ, ಸರಿ. ನಾಲಿಗೆ ಸತ್ತಿಲ್ಲ.

ಆ ಬಾವಿಯ ಬಗ್ಗೆ ಇನ್ನೊಂದು ಮಾತು ಬರೆಯಬೇಡ.

ಅಪ್ಪ


ಮೇ 4

ನನ್ನ ಬಂಗಾರೀ,

ನಿನ್ನ ಕಾಗದ ನನ್ನ ಹೆಸರಿಗೇ ಬಂತು. ಅಂಚೆಯವನು, “ಅಜ್ಜೀ, ನಿಮಗೂ ಬರೆಯೋರು ಇದ್ದಾರಾ?” ಅಂದ. ಇದ್ದಾರೆ, ಉತ್ತರ ಬರೆಯೋಕೆ ಪುರುಸೊತ್ತಿಲ್ಲ ಅಷ್ಟೇ ಅಂದೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ನಿನ್ನಲ್ಲೇ ಇರಲಿ. ನಿಮ್ಮಪ್ಪನಿಗೆ ಗೊತ್ತಾಗಬಾರದು.

ನೀರು ಕೆಟ್ಟು ಎಷ್ಟು ದಿನ ಆಯಿತೋ ಸರಿಯಾಗಿ ಗೊತ್ತಿಲ್ಲ. ಮೊದಲು ವಾಸನೆ ಬಂದಾಗ ಗಾಳಿ ಬಂಕಿನ ಕಡೆಯಿಂದ ಬೀಸುತ್ತಿದೆ ಅಂದುಕೊಂಡೆ. ಬಂಕಿನ ಬೆನ್ನಿಗೆ ಅಂಟಿಕೊಂಡ ಮನೆ, ವಾಸನೆ ಹೊಸದೇ? ಕುಡಿಯುತ್ತಲೇ ಇದ್ದೆ. ಆಮೇಲೆ ಒಂದು ದಿನ ಬೆಳಿಗ್ಗೆ ಕೊಡಕ್ಕೆ ಬಿಸಿಲು ಬಿದ್ದಿತ್ತು. ನೀರಿನ ಮೇಲೆ ನವಿಲುಗರಿಯ ಹಾಗೆ ಬಣ್ಣ. ನಾನು ಪೆದ್ದಿ, ಎಷ್ಟು ಚೆಂದ ಇದೆಯಲ್ಲಾ ಅಂತ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಅದೇ ದಿನ ಸಂಜೆ ಲಾರಿ ಸೋರಿದ ಜಾಗದಲ್ಲಿ, ರಸ್ತೆಯ ನೀರಿನ ಮೇಲೆ, ಅದೇ ಬಣ್ಣ ಕಂಡೆ. ಆಗ ಅರ್ಥವಾಯಿತು.

ಆವತ್ತಿನಿಂದ ಕುಡಿಯುವ ನೀರಿಗೆ ಬೀದಿ ನಲ್ಲಿಗೆ ಹೋಗುತ್ತೇನೆ. ಹರಟೆಗೆ ಅಂತ ಅವನು ಅಂದುಕೊಂಡಿದ್ದಾನೆ, ಅಂದುಕೊಳ್ಳಲಿ. ಬೆಳಿಗ್ಗೆ ಅವನು ಕುಡಿಯುವ ಲೋಟ ನಲ್ಲಿಯ ನೀರು. “ಆಹಾ, ನಮ್ಮ ಬಾವಿ ನೀರಿನ ಮುಂದೆ ಯಾವ್ದೂ ಇಲ್ಲ ಅಕ್ಕಾ” ಅನ್ನುತ್ತಾನೆ. “ಹೌದಪ್ಪಾ” ಅನ್ನುತ್ತೇನೆ. ಬಟ್ಟೆ, ಪಾತ್ರೆಗೆ ಮಾತ್ರ ಬಾವಿಯದು. ಎಲ್ಲಕ್ಕೂ ಹೊತ್ತು ತರಲು ಈ ಮಂಡಿ ಬಿಡುವುದಿಲ್ಲ. ಕೈ ಸ್ವಲ್ಪ ಸುಲಿದಿದೆ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇನೆ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀಯ. ನನ್ನ ಗಂಡ ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಾಗ ನಿಮ್ಮಪ್ಪನಿಗೆ ಇನ್ನೂ ಮೀಸೆ ಗಟ್ಟಿಯಾಗಿರಲಿಲ್ಲ. ಈ ಜಾಗ ಕೈಗೆ ಬಂದ ಮೇಲೆ ಅವನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬಂಕಲ್ಲ. ಬಾವಿ. “ನಿನ್ನ ನೀರಿಗೆ ನೀನು ಯಾರ ಮನೆ ಬಾಗ್ಲಿಗೂ ಹೋಗ್ಬಾರ್ದು ಅಕ್ಕಾ” ಅಂತ ತಾನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅಗೆದ. ಮೇಲೆ ಬರುವಾಗ ಕಣ್ಣು ಬಿಟ್ಟು ಉಳಿದದ್ದೆಲ್ಲ ಕೆಸರು. ಅಂಥವನ ಮುಂದೆ ನಿಂತು, ನಿನ್ನ ಬಾವಿಯನ್ನು ನೀನೇ ಕೆಡಿಸಿದೆ ಅಂತ ಹೇಗೆ ಹೇಳಲಿ? ಹೇಳಿದರೆ ಬಂಕು ಮುಚ್ಚುತ್ತದೆ. ಹೇಳದಿದ್ದರೆ ಒಂದು ಕೊಡ ನೀರು ಹೊರಬೇಕು, ಅಷ್ಟೇ ತಾನೇ?

ಸ್ವೆಟರ್ ಒಗೆದು ಕಳಿಸಿದ್ದು ನನ್ನ ತಪ್ಪು. ನಲ್ಲಿಯ ನೀರಿನಲ್ಲಿ ಒಗೆಯಬೇಕಿತ್ತು. ಅವತ್ತು ಮಂಡಿ ತುಂಬಾ ನೋಯುತ್ತಿತ್ತು.

ಇತ್ತೀಚೆಗೆ ಸುಸ್ತು ಜಾಸ್ತಿ. ಅದನ್ನೂ ಅವನಿಗೆ ಹೇಳಬೇಡ.

ನಿನ್ನ ಅತ್ತೆ


ಮೇ 12

ಅಪ್ಪಾ,

ಬಾವಿಯ ಬಗ್ಗೆ ಬರೆಯಬೇಡ ಎಂದಿದ್ದೀರಿ. ಬರೆಯುವುದಿಲ್ಲ. ಒಂದು ಕೆಲಸ ಮಾತ್ರ ಹೇಳುತ್ತೇನೆ. ಇದು ಆದ ಮೇಲೆ ನನ್ನ ಜೊತೆ ಮಾತು ಬಿಟ್ಟರೂ ಸರಿ. ಇನ್ನೊಬ್ಬರಿಗೆ ಕೊಟ್ಟ ಮಾತನ್ನೂ ನಾನು ಇದರಿಂದ ಮುರಿಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಅತ್ತೆ ಕೊಡುವ ಲೋಟವನ್ನು ಕುಡಿಯಬೇಡಿ. ಹಾಗೇ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋಗಿ. ಬಾವಿಯಿಂದ ನೀವೇ ನೀರು ಸೇದಿ ಇನ್ನೊಂದು ಲೋಟಕ್ಕೆ ಹಾಕಿ. ಎರಡನ್ನೂ ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಇಡಿ. ಮೂಸಬೇಡಿ, ಕುಡಿಯಬೇಡಿ, ಬರೀ ನೋಡಿ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲವಲ್ಲ.

ನಿಮ್ಮ ಮಗಳು


ಜೂನ್ 6

ಮಗಳಿಗೆ,

ಎರಡು ವಾರದಿಂದ ಈ ಕಾಗದ ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ನನ್ನ ಬಾಯಿಗೆ ಮಾತು ಸಿಗಲಿಲ್ಲ ಎಂದು ಪಂಕ್ಚರ್ ಅಂಗಡಿಯವನಿಗೆ ಹೇಳಿದರೆ ಡಾಕ್ಟರನ್ನು ಕರೆಸುತ್ತಾನೆ.

ನಿನ್ನ ಕಾಗದವನ್ನು ಮೊದಲು ಹರಿಯೋಣ ಅಂದುಕೊಂಡೆ. ಆಮೇಲೆ, ಇವಳ ಬಾಯಿ ಮುಚ್ಚಿಸಿದ ಹಾಗಾಗಲಿ ಎಂದು ಲೋಟ ಹಿಡಿದು ಹಿತ್ತಲಿಗೆ ಹೋದೆ. ಅತ್ತೆ ಹಿಂದೆಯೇ ಬಂದಳು. “ಯಾಕೋ, ಕುಡಿಯಲ್ವಾ?” ಅಂದಳು. “ಇವತ್ತು ಬಿಸಿಲಲ್ಲಿ ಕುಡೀತೀನಿ” ಅಂದೆ. ಕೊಡ ಇಳಿಸಿ ಸೇದಿದೆ. ಎರಡೂ ಲೋಟ ಪಕ್ಕಪಕ್ಕ ಇಟ್ಟೆ.

ನೀನು ಹೇಳಿದ ಹಾಗೆ ಕಣ್ಣಿಗೆ ಏನೂ ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಒಂದು ಲೋಟದಲ್ಲಿ ಬಣ್ಣ ಸುತ್ತುತ್ತಿತ್ತು. ಇನ್ನೊಂದು ತಿಳಿಯಾಗಿತ್ತು. ನಾನು ಯಾವುದು ಯಾವುದು ಎಂದು ಮರೆತು, ಮತ್ತೆ ಸೇದಿದೆ. ಮತ್ತೆ ಅದೇ. ತಿರುಗಿ ನೋಡಿದರೆ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. “ಇದು ಎಲ್ಲಿಯ ನೀರು ಅಕ್ಕಾ?” ಅಂದೆ. ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ನಾನು ಸೆರಗು ಸರಿಸಿ ಆ ಕೈಗಳನ್ನು ನೋಡಿದೆ. ಎಷ್ಟು ದಿನದಿಂದ ಆ ಕೈಯಲ್ಲೇ ಲೋಟ ಇಸಿದುಕೊಂಡು ಕುಡಿಯುತ್ತಿದ್ದೆ, ಒಂದು ದಿನವೂ ನೋಡಿರಲಿಲ್ಲ. ಟ್ಯಾಂಕಿನ ತಳದಲ್ಲಿ ಏನಿದೆ ಎಂದು ದಿನಾ ಕೋಲು ಇಳಿಸಿ ನೋಡುವವನು ನಾನು.

“ಮಂಡಿ ನೋವಲ್ಲಿ ದಿನಾ ಅಷ್ಟು ದೂರ ಹೊತ್ಯಾ?” ಅಂದೆ. “ಹೊತ್ತರೇನಾಯ್ತು? ದಾರೀಲಿ ನಾಲ್ಕು ಜನರ ಮುಖ ನೋಡ್ದೆ” ಅಂದಳು. ಮುಖಕ್ಕೆ ನಗು ತಂದುಕೊಳ್ಳಲು ನೋಡಿದಳು, ಬರಲಿಲ್ಲ. ನನಗೂ ಬರಲಿಲ್ಲ. ಬಂಕಿನ ಮುಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

ಅವತ್ತೇ ಲ್ಯಾಬಿಗೆ ಫೋನು ಮಾಡಿದೆ. ಅದೇ ನಗದ ಮೇಡಂ. “ಟ್ಯಾಂಕರ್ ನಿಂತಿತ್ತಲ್ಲ, ಆ ಜಾಗ ಖಾಲಿ ಆಗಿದೆ, ಬನ್ನಿ” ಅಂದೆ. “ಯಜಮಾನರೇ ಕರೆದದ್ದು ಇದೇ ಮೊದಲು” ಅಂದಳು. ಬಂದಳು. ಗುಂಡಿಯ ಮುಚ್ಚಳ ಎತ್ತಿ ಒಂದು ಬಕೆಟ್ ನೀರು ಸುರಿಸಿದಳು. ನಾವೆಲ್ಲ ನೋಡುತ್ತಿದ್ದ ಹಾಗೇ ನೀರು ಇಳಿದುಹೋಯಿತು. ತಳದಲ್ಲಿ ನನ್ನ ಬೆರಳು ಹೋಗುವಷ್ಟು ಬಿರುಕು. ಇಷ್ಟು ವರ್ಷ ಅದನ್ನು ನೋಡಿ ಅಚ್ಚುಕಟ್ಟು ಎಂದು ಬೀಗುತ್ತಿದ್ದೆ.

ಗೋಡೆಯ ಪಕ್ಕ ಬೆರಳು ತೋರಿಸಿದವನೂ ನಾನೇ. ಕೊಳವೆ ಇಳಿಯಿತು. ಮೇಲೆ ಬಂದ ಮಣ್ಣು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಯಂತ್ರದವನು ಮುಖ ತಿರುಗಿಸಿಕೊಂಡ. ಮೇಡಂ ಮುಖವಾಡ ಎಳೆದುಕೊಂಡಳು. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ನಾನೊಬ್ಬನೇ ಅಲ್ಲೇ ನಿಂತಿದ್ದೆ. ನನಗೆ ಯಾವ ವಾಸನೆಯೂ ಬರಲಿಲ್ಲ ಮಗಳೇ. ಒಂದು ಹಿಡಿ ಮಣ್ಣು ಎತ್ತಿ ಮೂಗಿನ ಹತ್ತಿರ ಹಿಡಿದೆ. ಬರೀ ಮಣ್ಣು. ಅಕ್ಕನ ಹತ್ತಿರ ಹೋಗಿ ಅಂಗೈ ಚಾಚಿ, “ನೀನೇ ಹೇಳು ಅಕ್ಕಾ” ಅಂದೆ. ಅವಳು ಮೂಸಿದಳು. ಆಮೇಲೆ ನನ್ನ ಕೈಯಿಂದ ಮಣ್ಣನ್ನು ಜಾಡಿಸಿ, ತನ್ನ ಸೆರಗಿನಿಂದ ಅಂಗೈ ಒರೆಸಿದಳು. ಬಾವಿಯಿಂದ ಮೇಲೆ ಬಂದ ದಿನ ಒರೆಸಿದ ಹಾಗೇ ಒರೆಸಿದಳು.

ಪಂಪುಗಳಿಗೆ ಹಗ್ಗ ಕಟ್ಟಿದ್ದಾರೆ. ಟ್ಯಾಂಕರ್ ಡ್ರೈವರ್ ಒಬ್ಬ ಗೊತ್ತಿಲ್ಲದೆ ಬಂದು, “ಏನ್ ಯಜಮಾನ್ರೇ, ಇವತ್ತು ಪೈಪು ಹಿಂಡಲ್ವಾ?” ಅಂದ. ಇವತ್ತು ಬೇಡಪ್ಪ ಅಂದೆ. ಕೊನೆಯ ಹನಿಯೂ ನಮ್ಮದು ಎನ್ನುತ್ತಿದ್ದೆನಲ್ಲ, ನಿಜವೇ ಆಯಿತು. ಒಂದೂ ಆಚೆ ಹೋಗಿಲ್ಲ, ಎಲ್ಲ ಮನೆಗೇ ಬಂದಿದೆ.

ಮೊದಲ ಪರೀಕ್ಷೆಯ ದಿನ ಟ್ಯಾಂಕರ್ ಅದೇ ಹೊತ್ತಿಗೆ ಹೇಗೆ ಬಂತು ಎಂದು ನೀನು ಈವರೆಗೆ ಕೇಳಿಲ್ಲ. ಮುಂದೆಯೂ ಕೇಳಬೇಡ.

ಮಣ್ಣನ್ನೆಲ್ಲ ತೆಗೆಯಬೇಕಂತೆ. ಬಾವಿಯ ಬಾಯಿಗೆ ಹಲಗೆ ಹೊಡೆದಾಯಿತು. ಹೊಡೆದದ್ದು ನಾನೇ, ಬೇರೆಯವರಿಗೆ ಸುತ್ತಿಗೆ ಕೊಡಲಿಲ್ಲ. ಅಕ್ಕನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಕೈ ನೋಡಿದರು, ಆಮೇಲೆ ಆ ನೀರನ್ನು ಎಷ್ಟು ದಿನ ಕುಡಿದಿರಿ ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಿ, “ಜಾಸ್ತಿ ಇಲ್ಲ” ಅಂದಳು. ಡಾಕ್ಟರ್ ನನ್ನನ್ನು ಹೊರಗೆ ಕಳಿಸಿ ಮತ್ತೆ ಕೇಳಿದರು. ಒಳಗೆ ಏನು ಹೇಳಿದಳೋ ಗೊತ್ತಿಲ್ಲ. ರಕ್ತ ತೆಗೆದುಕೊಂಡಿದ್ದಾರೆ. ಶೀಶೆಯನ್ನು ಮುಚ್ಚಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಇಟ್ಟರು. ಉತ್ತರ ಇನ್ನೂ ಬಂದಿಲ್ಲ. ದಿನಾ ಅಂಚೆಯವನ ದಾರಿ ಕಾಯುತ್ತೇನೆ, ಅವನು ತಿರುಗದೆ ಮುಂದೆ ಹೋದರೆ ಉಸಿರು ಬಿಡುತ್ತೇನೆ.

ಈಗ ಬೆಳಿಗ್ಗೆ ನಲ್ಲಿಗೆ ಹೋಗುವವನು ನಾನು. ಮೊದಲ ದಿನ ಕೊಡ ಹಿಡಿದು ಸಾಲಿನಲ್ಲಿ ನಿಂತಾಗ ಹೆಂಗಸರೆಲ್ಲ ತಿರುಗಿ ನೋಡಿದರು. ಆಮೇಲೆ ಒಬ್ಬಳು, “ಬಂಕ್ ಯಜಮಾನ್ರು ಈಗ ನೀರಿನ ವ್ಯಾಪಾರಕ್ಕಿಳಿದ್ರಾ?” ಅಂದಳು. “ಹೌದಮ್ಮ, ಇದು ಸೋರಿದ್ರೂ ಕೇಸಾಗಲ್ಲ” ಅಂದೆ. ನಕ್ಕರು. ಹೆಗಲ ಮೇಲೆ ಕೊಡ ಇಟ್ಟುಕೊಂಡು ಬರುವಾಗ ಅಂಗಿ ತೋಯುತ್ತದೆ. ಎಷ್ಟು ನಿಧಾನ ನಡೆದರೂ ಚೆಲ್ಲುತ್ತದೆ. ಅಕ್ಕ ಬಾಗಿಲಲ್ಲಿ ನಿಂತು, “ಮೆಲ್ಲಗೆ ಕಣೋ” ಅನ್ನುತ್ತಾಳೆ.

ಈಗ ಬಂಕೂ ಇಲ್ಲ, ಪೈಪೂ ಇಲ್ಲ. ಎರಡು ವಾರದಿಂದ ಎಣ್ಣೆ ಮುಟ್ಟಿಲ್ಲ. ಕೈಯನ್ನು ಸೋಪು ಹಾಕಿ ತೊಳೆದು, ಒಗೆದ ಅಂಗಿ ಹಾಕಿಕೊಂಡು ಕೂತು ಈ ಕಾಗದ ಬರೆದಿದ್ದೇನೆ. ಓದಿ ಆದ ಮೇಲೆ ಒಂದು ಸಲ ಮೂಸಿ ನೋಡು. ಇನ್ನೂ ಬರುತ್ತಿದ್ದರೆ ಬರುತ್ತಿದೆ ಎಂದೇ ಬರೆ. ಮನೆಯ ವಾಸನೆ ಎಂದು ಬರೆಯಬೇಡ.

ನಿನ್ನ ಅಪ್ಪ